ಮೊದಲು ಮರಳ ಮೇಲೆ ಕೂರಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದೋಣಿ ಶೆಡ್ಡಿನ ತಗಡಿನ ಬಾಗಿಲು ಅರ್ಧ ತೆರೆದಿದೆ. ನೆರೆಗೂದಲಿನ ಹೆಂಗಸೊಬ್ಬರು ಒಳಗಿನಿಂದ ಒಬ್ಬರೇ ಕೂತು ಹುಟ್ಟು ಹಾಕುವ ಉದ್ದನೆಯ ಕೆಂಪು ಕಯಾಕೊಂದನ್ನು ಎಳೆದು ತಂದು ನೀರಿಗಿಂತ ಸ್ವಲ್ಪ ಈಚೆ, ಒಣ ಮರಳ ಮೇಲೆ ಇಡುತ್ತಾರೆ. ಸೊಂಟಕ್ಕೆ ರಬ್ಬರಿನ ಹೊದಿಕೆ ಕಟ್ಟಿಕೊಳ್ಳುತ್ತಾರೆ. ಕೂತ ಮೇಲೆ ಅದರ ಅಂಚನ್ನು ಕಯಾಕಿನ ಬಾಯಿಯ, ಅಂದರೆ ಕೂರುವ ತೂತಿನ, ಸುತ್ತ ಸಿಕ್ಕಿಸಿದರೆ ಒಳಗೆ ನೀರು ನುಗ್ಗುವುದಿಲ್ಲ. ಇಲ್ಲಿ ಎಲ್ಲರೂ ಅದನ್ನು ಲಂಗ ಅಂತಲೇ ಕರೆಯುತ್ತಾರೆ.

ಕಯಾಕಿನ ಹಿಂಭಾಗದ ಮೇಲೆ ಕೂತು ಎಡಗಾಲನ್ನು ಬಾಯಿಯೊಳಗೆ ಜಾರಿಸುತ್ತಾರೆ. ಅದು ಸಲೀಸಾಗಿ ಹೋಗುತ್ತದೆ. ಬಲಗಾಲು ಹೋಗುವುದಿಲ್ಲ. ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಹಟ ಮಾಡುವ ಮಗುವನ್ನು ಕೂರಿಸುವ ಹಾಗೆ ಒತ್ತುತ್ತಾರೆ. ಹೇಗೋ ಒಳಗೆ ಹೋಗುತ್ತದೆ. ಲಂಗ ಸಿಕ್ಕಿಸಿ, ಉಸಿರು ಬಿಗಿಹಿಡಿದು, ಕಯಾಕಿನ ಸಮೇತ ಪಕ್ಕಕ್ಕೆ ಉರುಳುತ್ತಾರೆ. ಈಗ ಮುಂದಿನ ಪಟ್ಟಿ ಎಳೆದು ಲಂಗ ಬಿಡಿಸಿಕೊಂಡು ಹೊರಗೆ ಜಾರಬೇಕು. ಲಂಗ ಬಿಡುತ್ತದೆ, ಮಂಡಿ ಬಿಡುವುದಿಲ್ಲ. ಕೆನ್ನೆ ಮರಳಿಗೆ ಒತ್ತಿದೆ. ಬಿಗಿಹಿಡಿದ ಉಸಿರು ಯಾವಾಗಲೋ ಹೋಗಿ, ಬಾಯಿ ತೆರೆದು ಏದುಸಿರು ಬಿಡುತ್ತಿದ್ದಾರೆ. ಕೊನೆಗೆ ಮೊಣಕೈ ಊರಿ ತೆವಳಿಕೊಂಡು ಹೊರಬರುತ್ತಾರೆ.

ಇವರ ಬಗ್ಗೆ ಬರೆಯಲೆಂದು ಬಂದ ನಾನು ಶೆಡ್ಡಿನ ಕಂಬದ ಹಿಂದೆ ನಿಂತಿದ್ದೇನೆ. ಕೆಮ್ಮಬಹುದಿತ್ತು. ಕೆಮ್ಮಲಿಲ್ಲ.

"ಬಂದು ಎಷ್ಟೊತ್ತಾಯ್ತು?" ಮರಳು ಕೊಡವುತ್ತಾ, ತಲೆ ಎತ್ತದೆ ಕೇಳುತ್ತಾರೆ.

"ಈಗ ತಾನೇ ಬಂದೆ."

"ಈಗ ತಾನೇ ಬಂದವಳ ಕಾಲ ಮೇಲೆ ನೊಣ ಕೂತು ನಿದ್ದೆ ಮಾಡ್ತಿದೆ. ಬಾ, ಈ ತುದಿ ಹಿಡಿ, ಒಳಗೆ ಇಡೋಣ. ಅವರೆಲ್ಲ ಬರೋ ಹೊತ್ತಾಯ್ತು."

ಇವರನ್ನು ಈ ದಂಡೆಯಲ್ಲಿ ಕೂರಿ ಅಕ್ಕ ಎನ್ನುತ್ತಾರೆ. ಬಾಡಿಗೆಗೆ ಕಯಾಕ್ ಕೇಳಿ ಬಂದವರು ಯಾರೇ ಆಗಲಿ, ಇವರ ಬಾಯಿಂದ ಮೊದಲು ಬರುವ ಮಾತು ಅದೇ: "ಕೂರಿ." ಕುರ್ಚಿಯಲ್ಲಲ್ಲ. ಮರಳ ಮೇಲೆ, ಕಯಾಕಿನಲ್ಲಿ.

ಶೆಡ್ಡಿನ ಎಡಗಡೆ ಸೀ ಕಯಾಕುಗಳು, ಬಲಗಡೆ ಟೂರಿಂಗ್ ಕಯಾಕುಗಳು. ಅಕ್ಕನ ಬಾಯಲ್ಲಿ ಅವು ಉದ್ದಂದು, ಅಗಲಂದು. ಉದ್ದಂದು ನೋಡಲು ಚೆಂದ, ಬಳ್ಳಿಯಂತೆ ಸಪೂರ. ಬಾಯಿ ಚಿಕ್ಕದು, ಕೂತರೆ ಸೊಂಟವನ್ನು ಹಿಡಿದುಕೊಳ್ಳುತ್ತದೆ. ನಿಂತ ನೀರಲ್ಲಿ ತೊನೆದಾಡಿ ಹೆದರಿಸುತ್ತದೆ, ಅಲೆ ಎದ್ದಾಗ ಮಾತ್ರ ಅಲೆಯ ಜೊತೆ ಏರಿ ಇಳಿದು ನೇರ ಹೋಗುತ್ತದೆ. ಅಗಲಂದು ಗಿಡ್ಡ. ಬಾಯಿ ದೊಡ್ಡದು, ಮಂಡಿ ಮೇಲೆತ್ತಿಕೊಂಡೇ ಒಳಗೆ ಇಳಿಯಬಹುದು. ಅಲೆ ತಡೆಯಲು ಕಟ್ಟಿದ ಕಲ್ಲಿನ ಗೋಡೆಯ ಒಳಗಿನ ಶಾಂತ ನೀರಿನಲ್ಲಿ ಅಲುಗಾಡುವುದಿಲ್ಲ. ಗೋಡೆ ದಾಟಿ ಹೊರಗಿನ ಕಡಲಿಗೆ ಹೋದರೆ ಮಾತ್ರ ಪಕ್ಕದ ಅಲೆ ಅದನ್ನು ತಳ್ಳಾಡಿಸುತ್ತದೆ, ಆ ದೊಡ್ಡ ಬಾಯಿಯೇ ನೀರು ಕುಡಿಯುತ್ತದೆ.

"ಅಲುಗಾಡೋದೆಲ್ಲ ಕೆಟ್ಟದ್ದಲ್ಲ, ಅಲುಗಾಡದೆ ಇರೋದೆಲ್ಲ ಒಳ್ಳೇದಲ್ಲ" ಎನ್ನುತ್ತಾರೆ ಅಕ್ಕ. "ಆದ್ರೆ ಬರೋರು ಹಾಗೆ ನೋಡಲ್ಲ. ನೆಂಟಸ್ತಿಕೆಗೆ ಬಂದ ಹಾಗೆ ಬಣ್ಣ ನೋಡ್ತಾರೆ, ಉದ್ದ ನೋಡ್ತಾರೆ."

ಉದ್ದಂದು ಬೇಕೆಂದವರಿಗೆ ಮರಳ ಪರೀಕ್ಷೆ ಇದೆ. ಲಂಗ ಸಿಕ್ಕಿಸಿಕೊಂಡು ಪಕ್ಕಕ್ಕೆ ಉರುಳಬೇಕು, ಒಂದೇ ಉಸಿರಿನಲ್ಲಿ ಯಾರ ಕೈಯೂ ಹಿಡಿಯದೆ ಹೊರಬರಬೇಕು. ಬಂದರೆ ಉದ್ದಂದು. ಬರದಿದ್ದರೆ ಅಗಲಂದು, ಗೋಡೆಯ ಒಳಗೆ ಮಾತ್ರ. ಈ ಪರೀಕ್ಷೆಯನ್ನು ಇವರಿಗೆ ಯಾರೂ ಹೇಳಿಕೊಟ್ಟಿಲ್ಲ. ಗಂಡ ತೀರಿಕೊಂಡ ಮೇಲೆ ಹೊಟ್ಟೆಪಾಡಿಗೆ ಇಲ್ಲಿ ದೋಣಿ ತೊಳೆಯಲು ಸೇರಿದರು. ನೀರಿನಲ್ಲಿ ಮಗುಚಿದವರನ್ನು ಎಳೆದು ತಂದು ತಂದು, ಈ ಕೆಲಸ ಮರಳಲ್ಲೇ ಮುಗಿಸಬಾರದೇಕೆ ಎನಿಸಿತಂತೆ.

ಪರೀಕ್ಷೆಗಿಂತ ನಾನು ಹೆಚ್ಚು ಗಮನಿಸಿದ್ದು ಇನ್ನೊಂದನ್ನು. ಕೂತವರು ಉರುಳುವ ಹೊತ್ತಿಗೆ ಅಕ್ಕ ಅವರಿಗೆ ಬೆನ್ನು ಹಾಕಿ ಕಡಲು ನೋಡುತ್ತಾ ನಿಲ್ಲುತ್ತಾರೆ. ಕಿವಿ ಮಾತ್ರ ಇತ್ತ ಇರುತ್ತದೆ.

ಇಂದು ಬೆಳಿಗ್ಗೆ ಹೊಸ ಟೋಪಿ, ಹೊಸ ಕೈಗವಸಿನ ಗಂಡಸೊಬ್ಬರು ಹೆಂಡತಿಯ ಜೊತೆ ಬಂದಿದ್ದಾರೆ.

"ಆ ಹಸಿರು ಉದ್ದಂದು ಕೊಡಿ."

"ಕೂರಿ. ಲಂಗ ಕಟ್ಕೊಳ್ಳಿ."

"ಲಂಗ ಯಾಕೆ, ಹಾಗೇ ಹೋಗ್ತೀನಿ."

"ಅಣ್ಣಾ, ಕಟ್ಕೊಳ್ಳಿ, ಚೆನ್ನಾಗಿ ಒಪ್ಪುತ್ತೆ" ಎಂದು ಪಕ್ಕದ ಟೀ ಕೌಂಟರಿನಿಂದ ಅಕ್ಕನ ನಾದಿನಿ ಕೂಗುತ್ತಾಳೆ. ಅಕ್ಕ ಕೆಲಸಕ್ಕೆ ಸೇರಿದ ಮರುವರ್ಷ ಅವಳೂ ಬಂದಳು. ಹೊರಗಿನ ಕಡಲಿಗೆ ಜನ ಹೋಗುವ ದಿನ ಟೀ ಕೌಂಟರ್ ಮುಚ್ಚಿ, ಸಾಲಿನ ಕೊನೆಯ ಕಯಾಕ್ ಹಿಡಿಯುವವಳು ಅವಳೇ. ಸಾಲಿನ ಮುಂದೆ ಅತ್ತಿಗೆ, ಹಿಂದೆ ನಾದಿನಿ.

ಗಂಡಸು ಕೂರುತ್ತಾರೆ. ಸೊಂಟ ಬಾಯಿಯ ಅಂಚಿನಲ್ಲೇ ನಿಲ್ಲುತ್ತದೆ. ಅಕ್ಕ ಅಷ್ಟರಲ್ಲಿ ಕಡಲ ಕಡೆ ತಿರುಗಿಯಾಗಿದೆ. ಹಿಂದೆ ರಬ್ಬರಿನ ಕಿರಕಿರ, ಒಂದು ನಿಟ್ಟುಸಿರು, ಹೆಂಡತಿ ಅದುಮಿಟ್ಟುಕೊಂಡ ನಗು.

"ಅಕ್ಕಾ, ಅಗಲಂದೇ ಇರ್ಲಿ. ಈ ಹಸಿರು ಹತ್ತಿರದಿಂದ ಯಾಕೋ ಇಷ್ಟ ಆಗ್ಲಿಲ್ಲ."

"ಅಗಲಂದರಲ್ಲಿ ನೀಲಿ ಇದೆ, ತುಂಬಾ ಚೆನ್ನಾಗಿದೆ" ಎನ್ನುತ್ತಾರೆ ಅಕ್ಕ, ಇನ್ನೂ ತಿರುಗದೆ.

ಅವರು ನೀರಿಗಿಳಿದ ಮೇಲೆ ನನಗೆ ಹೇಳುತ್ತಾರೆ: "ಮುಖ ನೋಡ್ತಾ ನಿಂತ್ರೆ ಯಾರೂ ಆಗಲ್ಲ ಅಂತ ಒಪ್ಪಲ್ಲ. ಕಾಲು ಮುರಿದ್ರೂ ಹಾಗೇ ಕೂರ್ತಾರೆ. ಬೆನ್ನು ಹಾಕಿದ್ರೆ ನಿಜ ಹೇಳ್ತಾರೆ. ಕಾರಣ ಸುಳ್ಳಾಗಿದ್ರೆ ನನಗೇನು? ದೋಣಿ ಸರಿಯಾಗಿದ್ರೆ ಸಾಕು."

ಬಿಸಿಲೇರುವ ಹೊತ್ತಿಗೆ ಒಬ್ಬ ಮೇಷ್ಟ್ರು, ಅವರ ಹೆಂಡತಿ ಬರುತ್ತಾರೆ. ಇಬ್ಬರ ಬೆನ್ನಲ್ಲೂ ನೀರು ಹೋಗದ ಚೀಲ. ಮರಳ ಪರೀಕ್ಷೆಯಲ್ಲಿ ಕಳೆದ ಸಲವೇ ಪಾಸಾದವರು. ಗೋಡೆ ದಾಟಿ, ಹಕ್ಕಿಗಳು ಗೂಡು ಕಟ್ಟುವ ಹೊರಬಂಡೆಯವರೆಗೆ ಹೋಗಬೇಕೆಂದು ಅಂದೂ ಬಂದು, ಗಾಳಿ ಇದೆ ಎಂದಿದ್ದಕ್ಕೆ ಹಿಂದಿರುಗಿದ್ದರಂತೆ.

ಅಕ್ಕ ಅವರ ಚೀಲಗಳನ್ನು ನೋಡುತ್ತಾರೆ. "ಹೊರಗೆ ಗಾಳಿ ಇದೆ. ಇವತ್ತು ಬೇಡ."

ಮೇಷ್ಟ್ರು ಶೆಡ್ಡಿನ ಮೇಲಿನ ಬಾವುಟದ ಕಡೆ ತಲೆ ಎತ್ತುತ್ತಾರೆ. ಅದು ತೊಳೆದು ಒಣಹಾಕಿದ ಬಟ್ಟೆಯಂತೆ ಜೋತುಬಿದ್ದಿದೆ. "ನಿಮಗೆ ಗೊತ್ತಿರುತ್ತೆ ಬಿಡಿ" ಎಂದು ಹೆಂಡತಿ ಚೀಲ ಸರಿಪಡಿಸಿಕೊಳ್ಳುತ್ತಾರೆ. ಇಬ್ಬರೂ ಬಸ್ ನಿಲ್ದಾಣದ ಕಡೆ ನಡೆಯುತ್ತಾರೆ. ನಾದಿನಿ ತಲೆ ತಗ್ಗಿಸಿ ಒಂದೇ ಲೋಟವನ್ನು ಒರೆಸುತ್ತಲೇ ಇದ್ದಾಳೆ.

ಅಕ್ಕ ಶೆಡ್ಡಿನ ಹಿಂದಿನ ನಲ್ಲಿಯ ಹತ್ತಿರ ಹೋಗಿ ಲಂಗಗಳ ಉಪ್ಪು ತೊಳೆಯಲು ಕೂರುತ್ತಾರೆ. ಬಲಗಾಲು ನೇರ ಚಾಚಿಕೊಂಡೇ. ನಾನು ಕಾಲಿನ ಬಗ್ಗೆ ಕೇಳದಿದ್ದುದಕ್ಕೇ ಹೇಳಿದರೋ ಏನೋ.

"ಬಾವುಟ ನೋಡಿದ್ಯಲ್ಲ."

"ನೋಡಿದೆ."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ನಾನು ಗಾಳಿ ಡೊಂಕು ಅಂತಿದೀನಿ." ನೀರು ಸುರಿಯುತ್ತಲೇ ಇದೆ. "ಮಳೆಗಾಲ ಮುಗಿದ ಮೇಲೆ ಒಂದು ಸಲಾನೂ ಹೊರಗೆ ಹೋಗಿಲ್ಲ. ಹೋಗಿ ನಾನೇ ಮಗುಚಿದ್ರೆ, ನನ್ನ ನಂಬ್ಕೊಂಡು ಬಂದೋರ ಗತಿ ಏನು? ಅದಕ್ಕೇ ಗಾಳಿ. ದಿನಾ ಬೆಳಿಗ್ಗೆ ನೋಡ್ತೀನಿ, ಇವತ್ತಾದ್ರೂ ಈ ಕಾಲು ಬರುತ್ತಾ ಅಂತ. ಇದು ಕತ್ತೆ. ಬರಲ್ಲ."

"ಈ ಶೆಡ್ಡಿನ ಯಜಮಾನರಿಗೆ ಹೇಳಬಹುದಿತ್ತಲ್ಲ?"

"ಏನಂತ? ಊರಿಗೆಲ್ಲ ಪರೀಕ್ಷೆ ಇಟ್ಟವಳು ಫೇಲು ಅಂತಲಾ?"

ನಾಚಿಕೆ ಅಷ್ಟೇ ಆಗಿದ್ದರೆ ಇನ್ನೊಂದು ವರ್ಷ ಹಾಗೇ ಸಾಗುತ್ತಿತ್ತೋ ಏನೋ. ಆದರೆ ಬಿಸಿಲಿಗೆ ಕಯಾಕುಗಳ ಪ್ಲಾಸ್ಟಿಕ್ ಸೀಳು ಬಿಟ್ಟಿದೆ, ಯಜಮಾನರು ಎಲ್ಲವನ್ನೂ ಬದಲಾಯಿಸುತ್ತಿದ್ದಾರೆ. ಲಂಗ, ಮುಚ್ಚಳ, ಬಿಡಿಭಾಗ ಎಲ್ಲ ಒಂದೇ ಅಳತೆಯದಾದರೆ ಸುಲಭ ಎಂದು ಇನ್ನು ಮುಂದೆ ಒಂದೇ ಬಗೆಯವನ್ನು ಇಡುವುದಂತೆ. ಯಾವುದು ಎಂದು ಅಕ್ಕನನ್ನೇ ಕೇಳಿದ್ದಾರೆ. ಉದ್ದಂದು ಬಂದರೆ ಅಕ್ಕನಿಗೆ ನೀರಿನ ಮೇಲೆ ಕೆಲಸವಿಲ್ಲ. ಅಗಲಂದು ಬಂದರೆ ಅಕ್ಕ ಕೂರಬಹುದು, ಆದರೆ ಈ ದಂಡೆಯಿಂದ ಗೋಡೆ ದಾಟಿ ಹೋಗುವುದು ಇನ್ನು ಯಾರಿಗೂ ಇಲ್ಲ.

"ಯಾವುದು ಒಳ್ಳೇದು ಅಂತ ಯೋಚನೆ ಮಾಡಿದ್ರೆ ತಲೆಗಿಂತ ಮೊದಲು ಮಂಡಿ ಉತ್ತರ ಹೇಳುತ್ತೆ" ಎನ್ನುತ್ತಾರೆ. "ಮಧ್ಯಾಹ್ನ ಬರ್ತಾರೆ. ಏನು ಹೇಳ್ಲಿ, ಹೇಳು."

ಒಂದು ಲಂಗ ತೆಗೆದುಕೊಂಡು ಹಗ್ಗದ ಮೇಲೆ ಹಾಕುತ್ತೇನೆ.

ಯಜಮಾನರು ಊಟ ಮುಗಿಸಿ ಬರುತ್ತಾರೆ, ಕೈಯಲ್ಲಿ ಫೋನ್. ಒಳ್ಳೆಯ ಮನುಷ್ಯರೇ, ಅವಸರದವರು. "ಏನಮ್ಮಾ, ಅಗಲಂದೇ ಹೇಳ್ಬಿಡ್ಲಾ? ಹೊರಗೆ ಹೋಗೋರು ಈ ಸಲ ಒಬ್ಬರೂ ಇಲ್ವಲ್ಲ. ಜನರಿಗೇ ಬೇಡ ಅಂದ್ಮೇಲೆ ನಾವ್ಯಾಕೆ ಉದ್ದಂದು ಇಟ್ಕೊಂಡು ಪೂಜೆ ಮಾಡೋದು?"

ಅಕ್ಕ ಕೈ ಒರೆಸಿಕೊಳ್ಳುತ್ತಾರೆ. ಒರೆಸಿದ್ದನ್ನೇ ಮತ್ತೆ ಒರೆಸುತ್ತಾರೆ.

"ಮರಳಿಗೆ ಬನ್ನಿ" ಎನ್ನುತ್ತಾರೆ.

ಬೆಳಗಿನ ಅದೇ ಕೆಂಪು ಕಯಾಕ್. ಅದೇ ಲಂಗ. ನಡುಹಗಲ ಬಿಸಿಲಲ್ಲಿ, ದಂಡೆಯಲ್ಲಿ ಓಡಾಡುವ ಜನರ ಎದುರಿಗೇ ಅಕ್ಕ ಕೂರುತ್ತಾರೆ. ಎಡಗಾಲು ಹೋಗುತ್ತದೆ. ಬಲಗಾಲು ನಿಲ್ಲುತ್ತದೆ. ಯಜಮಾನರು ಏನೂ ಅರ್ಥವಾಗದೆ, ಕೈ ಹಿಡಿಯಲು ಮುಂದೆ ಬರುತ್ತಾರೆ.

"ಕೈ ಕೊಡಬೇಡಿ. ಆ ಕಡೆ ತಿರುಗಿ" ಎನ್ನುತ್ತಾಳೆ ನಾದಿನಿ. ಕೌಂಟರಿನಿಂದ ಅವಳು ಯಾವಾಗ ಬಂದಳೋ ನನಗೆ ಕಾಣಲಿಲ್ಲ. ಅವಳು ಆಗಲೇ ಕಡಲಿಗೆ ಮುಖ ಮಾಡಿ ನಿಂತಿದ್ದಾಳೆ. ಯಜಮಾನರು ತಿರುಗುತ್ತಾರೆ. ಈ ಸಲ ನಾನೂ ತಿರುಗುತ್ತೇನೆ.

ಬೆನ್ನ ಹಿಂದೆ ಕಯಾಕ್ ದೊಪ್ಪೆಂದು ಉರುಳಿದ ಸದ್ದು. ರಬ್ಬರ್ ಕಿತ್ತ ಸದ್ದು. ಆಮೇಲೆ ಮರಳನ್ನು ಕೆರೆಯುವ ಸದ್ದು. ಅದು ನಿಲ್ಲುವುದೇ ಇಲ್ಲ. ಎದುರಿಗೆ ನೀರು ಕನ್ನಡಿಯಂತಿದೆ. ಒಂದೇ ಒಂದು ಬಿಳಿ ನೊರೆಯೂ ಇಲ್ಲ.

"ಆಗಲ್ಲ" ಎನ್ನುತ್ತದೆ ಅಕ್ಕನ ದನಿ, ನೆಲದ ಮಟ್ಟದಿಂದ. "ಯಜಮಾನ್ರೇ, ಜನ ಬರ್ತಿದ್ರು. ಗಾಳಿ ಇದೆ ಅಂತ ನಾನೇ ವಾಪಸ್ ಕಳಿಸ್ತಿದ್ದೆ. ಗಾಳಿ ಇರ್ಲಿಲ್ಲ. ಇದು ಇತ್ತು."

ಯಜಮಾನರ ಕಿವಿ ಕೆಂಪಾಗಿದೆ. "ಇಷ್ಟು ದಿನ ಹೊರಗೆ ಹೋಗೋಕೆ ಜನಾನೇ ಬರ್ತಿಲ್ಲ ಅಂದ್ರಲ್ಲಮ್ಮಾ."

"ಹೂಂ."

"ನಿಮ್ಮ ಮಾತಿನ ಮೇಲೆ ಇವತ್ತು ಅಗಲಂದು ತರಿಸ್ತಿದ್ದೆ."

"ಹೂಂ. ಅದಕ್ಕೇ ಹೇಳ್ದೆ. ಉದ್ದಂದೇ ತರಿಸಿ. ಗೋಡೆ ಒಳಗೆ ಆಡೋರಿಗೆ ಹಳೇ ಅಗಲಂದರಲ್ಲಿ ಸೀಳು ಬಿಡದೇ ಇರೋವು ನಾಕು ಇವೆ, ಸಾಕು. ಬೆಳಿಗ್ಗೆ ಕಳಿಸಿದ ಮೇಷ್ಟ್ರಿಗೆ ಫೋನ್ ಮಾಡಿ, ನಾಳೆ ಬನ್ನಿ ಅನ್ನಿ."

"ಕರ್ಕೊಂಡು ಹೋಗೋರು ಯಾರು?"

"ನಾನೇನು ಉಪ್ಪಿನಕಾಯಿ ಹಾಕೋಕೆ ಇದೀನಾ?" ನಾದಿನಿ ಇನ್ನೂ ಕಡಲನ್ನೇ ನೋಡುತ್ತಿದ್ದಾಳೆ. "ಸಾಲಿನ ಹಿಂದಿದ್ದವಳು ಮುಂದೆ ಹೋಗ್ತೀನಿ. ಟೀ ಅತ್ತಿಗೆ ಮಾಡ್ಲಿ. ಕುಡಿಯೋರ ಹಣೆಬರಹ."

ಅಕ್ಕ ತೆವಳಿ ಹೊರಬಂದ ಮೇಲೆ ನಾವೆಲ್ಲ ತಿರುಗುತ್ತೇವೆ. ಕೆನ್ನೆಗೆ ಮರಳು ಅಂಟಿದೆ. ನಾದಿನಿ ತನ್ನ ಸೆರಗಿನಿಂದ ಒರೆಸುತ್ತಾಳೆ, ಸ್ವಲ್ಪ ಒರಟಾಗಿಯೇ.

"ನಿನಗೆ ಗೊತ್ತಿತ್ತಾ?" ಅಕ್ಕ ಮೆಲ್ಲಗೆ ಕೇಳುತ್ತಾರೆ.

"ಒಂದೇ ಮನೇಲಿ ಮೆಟ್ಟಿಲು ಹತ್ತೋ ಸದ್ದು ಕೇಳಲ್ವಾ? ನೀವೇ ಕಲಿಸಿದ್ದಲ್ವಾ ಅತ್ತಿಗೆ, ಬೆನ್ನು ಹಾಕಿ ನಿಲ್ಲೋದು. ನಿಂತಿದ್ದೆ."

ಮರುದಿನ ಬೆಳಿಗ್ಗೆ ನಾನು ಮತ್ತೆ ಬಂದಿದ್ದೇನೆ. ಈ ಸಲ ದೂರದಿಂದಲೇ ಕೆಮ್ಮಿಕೊಂಡು. ಮೇಷ್ಟ್ರು, ಅವರ ಹೆಂಡತಿ ಹಳೆಯ ಉದ್ದಂದುಗಳಲ್ಲಿ ಕೂತಿದ್ದಾರೆ. "ಅವತ್ತು, ನಿನ್ನೆ, ಎರಡೂ ದಿನ ಗಾಳಿ ಇರ್ಲಿಲ್ಲ, ತಪ್ಪಾಯ್ತು" ಎಂದು ಅಕ್ಕ ಅವರಿಗೆ ಹೇಳುವಾಗ ಮೇಷ್ಟ್ರು ತಮ್ಮ ಹುಟ್ಟಿನ ಹಿಡಿಯನ್ನು ಬಹಳ ಹೊತ್ತು ಪರೀಕ್ಷಿಸುತ್ತಾರೆ. "ಇವತ್ತು ಇಲ್ವಲ್ಲ, ಅದು ಸಾಕು" ಎನ್ನುತ್ತಾರೆ ಹೆಂಡತಿ.

ನಾದಿನಿ ಮುಂದೆ ಹೊರಡುತ್ತಾಳೆ. ಅಕ್ಕ ಹಳೆಯ ನೀಲಿ ಅಗಲಂದರಲ್ಲಿ, ಮಂಡಿ ಮೇಲೆತ್ತಿಕೊಂಡು, ಅವರ ಹಿಂದೆ ಹುಟ್ಟು ಹಾಕುತ್ತಾ ಗೋಡೆಯ ತುದಿಯವರೆಗೆ ಹೋಗುತ್ತಾರೆ. ಅಲ್ಲಿ ನಿಲ್ಲುತ್ತಾರೆ. ಮೂರು ಉದ್ದನೆಯ ಕಯಾಕುಗಳು ಅಲೆ ಏರಿ ಚಿಕ್ಕದಾಗುವವರೆಗೂ ಆ ನೀಲಿ ಚುಕ್ಕೆ ಕದಲುವುದಿಲ್ಲ.

ದಂಡೆಗೆ ಬಂದ ಮೇಲೆ, ಇನ್ನೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. "ಹೀಗೇ, ತುದಿವರೆಗೆ ಹೋಗಿ ಕಳಿಸಿ ಬರೋದು ಸಿಕ್ಕಿದ್ರೆ ಸಾಕು" ಎನ್ನುತ್ತಾರೆ. "ನನ್ನ ಮರಳಲ್ಲಿ ಯಾರಿಗೂ ರಿಯಾಯಿತಿ ಕೊಟ್ಟಿಲ್ಲ. ನನಗೂ ಕೊಡ್ಲಿಲ್ಲ. ತಡವಾಯ್ತು, ಅಷ್ಟೇ."

ಟೀ ಮಾಡಿ ಕೊಡುತ್ತಾರೆ. ನಾದಿನಿ ಹೇಳಿದ್ದು ಸುಳ್ಳಲ್ಲ. ನಾನು ಪೂರ್ತಿ ಕುಡಿದು, ಕೇಳಲು ಹೆದರಿಕೊಂಡಿದ್ದನ್ನು ಕೇಳುತ್ತೇನೆ: ನಿನ್ನೆ ಬೆಳಿಗ್ಗೆ ನೋಡಿದ್ದನ್ನು ಬರೆಯಲೇ, ಬಿಡಲೇ?

ಅಕ್ಕ ಕಡಲ ಕಡೆ ತಿರುಗುತ್ತಾರೆ.

"ಬರಿ. ನಾನು ಮರಳಲ್ಲಿ ಬಿದ್ದು ಒದ್ದಾಡಿದ್ದು ಬರಿ. ನೀನು ಕಂಬದ ಹಿಂದೆ ನಿಂತು ನೋಡಿದ್ದೂ ಬರಿ. ಒಬ್ಬಳೇ ನಾಚಿಕೊಂಡು ಕೂರೋದು ಬೇಜಾರು."