ಜಯದೇವಿ ಬಡಿಸಿದ ಊಟ

ಪದ್ಮನಾಭನಗರದ ಜಯದೇವಿಗೆ ಪ್ರೀತಿ, ಭಯ, ಸಂತೋಷ ಎಲ್ಲಕ್ಕೂ ಗೊತ್ತಿದ್ದ ದಾರಿ ಒಂದೇ, ಬಡಿಸುವುದು. ಗ್ಯಾಸ್ ಸಿಲಿಂಡರ್ ತಂದವನೂ ಆ ಮನೆಯಿಂದ ಬರಿಹೊಟ್ಟೆಯಲ್ಲಿ ಹೋದದ್ದಿಲ್ಲ. ಬೇಡವೆಂದರೆ ಮುನಿಸು, ಹೂಂ ಎಂದರೆ ಎಲೆ ತುಂಬ ಅನ್ನ.

೧೯೯೯ರ ಒಂದು ಬೆಳಿಗ್ಗೆ ಅವರ ಗಂಡ ಶಂಭುಲಿಂಗಪ್ಪ, ತಿಲಕ್ ನಗರದಲ್ಲಿ ಪಾತ್ರೆ ಅಂಗಡಿ ಇಟ್ಟವರು, ತಮ್ಮ ವ್ಯಾನನ್ನು ನಿಂತ ಲಾರಿಯ ಹಿಂಬದಿಗೆ ಗುದ್ದಿಸಿದರು. ಸ್ಟೀರಿಂಗ್ ಎದೆಗೆ ಬಡಿಯಿತು. ಆದರೂ ಆಟೋ ಹತ್ತಿ ನಗುತ್ತಲೇ ಮನೆಗೆ ಬಂದರು. ಕೊರಳಲ್ಲಿದ್ದ, ಲಿಂಗವಿಟ್ಟ ಬೆಳ್ಳಿ ಕರಡಿಗೆ ನೆಗ್ಗಿತ್ತು. ಎದೆಯ ಮೇಲೆ ಒಂದು ಕೆಂಪು ಕಲೆ, ಅಷ್ಟೇ.

"ಏಟೆಲ್ಲ ಶಿವನೇ ತಗೊಂಡ" ಎಂದು ಜಯದೇವಿ ಗಳಗಳನೆ ಅತ್ತರು. ಆಸ್ಪತ್ರೆಯ ಮಾತೆತ್ತಿದ ನೆರೆಯವರ ಬಾಯಿ ಮುಚ್ಚಿಸಿದರು. ದೇವರು ಕಾಪಾಡಿದ ಮೇಲೆ ಡಾಕ್ಟರನ್ನು ಕೇಳುವುದೆಂದರೆ ದೇವರನ್ನೇ ಅನುಮಾನಿಸಿದಂತಲ್ಲವೇ? ಪೂಜೆಯಾಯಿತು, ಹೋಳಿಗೆ ತಟ್ಟಿದ್ದಾಯಿತು. ಊಟದ ನಡುವೆ ಗಂಡ ಬೆನ್ನು ಉಜ್ಜಿಕೊಂಡದ್ದನ್ನು ಕಂಡೂ, "ಇನ್ನೊಂದು ಹಾಕ್ಕೊಳ್ರೀ" ಎಂದು ತುಪ್ಪ ಸುರಿದರು.

ಕೈ ತೊಳೆಯಲು ಎದ್ದ ಶಂಭುಲಿಂಗಪ್ಪ ಗೋಡೆ ಹಿಡಿದು ನಿಂತರು.

ಜೆ.ಪಿ. ನಗರದ ಆಸ್ಪತ್ರೆಯಲ್ಲಿ ಡಾಕ್ಟರ್ ಸಂಗೀತಾ ಎದೆಯ ಮೇಲಿಂದ ಎಕೋ ಮಾಡಿ ನೋಡಿದರು. "ಹೃದಯದಿಂದ ಹೊರಡೋ ದೊಡ್ಡ ರಕ್ತನಾಳ ಒಳಗೆ ಹರಿದಿರೋ ಡೌಟು, ಆಂಟಿ. ಅದು ಒಡೆದ್ರೆ ನಮ್ಮ ಕೈಲಿ ಏನೂ ಇರಲ್ಲ. ಬೆನ್ನಿನ ಕಡೆ ಇರೋದ್ರಿಂದ ಮೇಲಿಂದ ಸರಿಯಾಗಿ ಕಾಣ್ತಿಲ್ಲ. ಗಂಟಲಿಂದ ಟ್ಯೂಬ್ ಇಳಿಸಿ ಎಕೋ ಮಾಡ್ಬೇಕು. ಊಟ ಯಾವಾಗ ಮಾಡಿದ್ರು?"

ಜಯದೇವಿ ಗಂಡನ ಹೊಟ್ಟೆಯ ಕಡೆ ನೋಡಿದರು. "ಈಗ್ತಾನೆ... ಹೊಟ್ಟೆ ತುಂಬ."

"ಅಯ್ಯೋ! ಈಗ ಇಳಿಸಿದ್ರೆ ವಾಂತಿಯಾಗಿ ಉಸಿರಿಗೆ ಸಿಕ್ಕೊಳ್ಳುತ್ತೆ. ಕಾಯ್ಲೇಬೇಕು. ಅಲ್ಲೀವರೆಗೂ ಮಾತಾಡಿಸ್ಬೇಡಿ, ಅಲುಗಾಡಿಸ್ಬೇಡಿ."

ತಾನು ಬಡಿಸಿದ ಅನ್ನ ಬೇಗ ಅರಗಲಿ ಎಂದು ಜಯದೇವಿ ದೇವರನ್ನು ಬೇಡುತ್ತ ಕುಳಿತರು. ಅಂಥ ಕಾಯುವಿಕೆ ಶತ್ರುವಿಗೂ ಬೇಡ. ನಡುವೆ ಶಂಭುಲಿಂಗಪ್ಪ ಹೆಂಡತಿಯ ಕೈ ಹಿಡಿದು, "ಜಯಾ, ಇಲ್ಲಿ ಕೇಳು..." ಎಂದರು.

"ಶ್! ಮಾತಾಡ್ಬೇಡ್ರೀ. ಎಲ್ಲಾ ಆಮೇಲೆ" ಎಂದು ಜಯದೇವಿ ಗಂಡನ ಬಾಯಿಗೆ ಕೈ ಅಡ್ಡ ಹಿಡಿದರು. ಗಂಡ ಕಣ್ಣಲ್ಲೇ ಹೂಂ ಎಂದರು.

ಸಂಜೆ ಟ್ಯೂಬ್ ಇಳಿಯಿತು. ಪರದೆಯ ಮೇಲೆ ಹರಿದ ಜಾಗ ಕಂಡಿತು. ಹೊರಗಿನ ತೆಳು ಪೊರೆಯೊಂದೇ ರಕ್ತವನ್ನು ತಡೆದು ಹಿಡಿದಿತ್ತು. ಫೋನಿಟ್ಟ ಸಂಗೀತಾ, ಸರ್ಜನ್ ಹೊರಟಿದ್ದಾರೆ ಎಂದು ಜಯದೇವಿಗೆ ಹೇಳಿ ಒಳಗೆ ಓಡಿದರು. ಸರ್ಜನ್ ಬರುವವರೆಗೆ ಪೊರೆ ತಡೆಯಲಿಲ್ಲ.

ಜಯದೇವಿ ಆಮೇಲೂ ಎಷ್ಟೋ ವರ್ಷ ಬದುಕಿದರು. ಅವತ್ತು ಗಂಡ ಏನು ಹೇಳಲು ಬಾಯಿ ತೆರೆದಿದ್ದರು ಎಂಬುದು ಮಾತ್ರ ಅವರಿಗೆ ತಿಳಿಯಲೇ ಇಲ್ಲ.