ಹನ್ನೊಂದನೇ ಪುಟದ ಸಣ್ಣಕ್ಷರ

ಸೀಸದ ಅಚ್ಚುಮೊಳೆ ಜೋಡಿಸುವ ಕಾಲದಿಂದಲೂ ಅವಳು ಅಚ್ಚುಕೂಟದವಳು. ಮೊಳೆಗಳು ಗುಜರಿಗೆ ಹೋಗಿ ಕಂಪ್ಯೂಟರ್ ಬಂದರೂ ಊರಿಗೆಲ್ಲ ಮೊಳೆಯಕ್ಕ ಎಂದೇ ಉಳಿದಳು. ತಾಯಿ ಸತ್ತ ಮೇಲೆ ತಮ್ಮನನ್ನು ಸಾಕಿದ್ದೂ ಆ ಕೂಲಿಯಲ್ಲೇ. ಅವನು ದೊಡ್ಡವನಾಗಿ ಚರ್ಮದ ಕಾರ್ಖಾನೆಯಲ್ಲಿ ಕೊಳೆನೀರಿನ ತೊಟ್ಟಿ ತೊಳೆಯಲು ಸೇರಿದ. ತೊಟ್ಟಿಯ ವಿಷಗಾಳಿಗೆ ಅಲ್ಲಿಯವರ ಕಣ್ಣೆಲ್ಲ ಕೆಂಡ.

ಅವರಿಗೆಂದು ನಮ್ಮ ಕಾರ್ಮಿಕ ಸಂಘ ಹದಿನಾರು ಪುಟದ ಸುರಕ್ಷತಾ ಕೈಪಿಡಿ ಮಾಡಿಸಿತು. ಉಸ್ತುವಾರಿ ನನ್ನದು, ಅಕ್ಷರ ಆರಿಸುವುದು ಮೊಳೆಯಕ್ಕನದು. ಅದಕ್ಕೆ ಅವಳದೇ ಒಂದು ಪದ್ಧತಿ. ಎಲ್ಲಕ್ಕಿಂತ ಮುಖ್ಯವಾದ ಪುಟವನ್ನು ನಾಲ್ಕು ಬಗೆಯ ಅಕ್ಷರಗಳಲ್ಲಿ ಅಚ್ಚು ತೆಗೆದು, ಪಾಳಿ ಬಿಡುವ ಹೊತ್ತಿಗೆ ಗೇಟಿಗೆ ಒಯ್ದಳು. ಮುಖ ತೊಳೆಯಲೂ ಬಿಡದೆ ತಮ್ಮನನ್ನು ಹಿಡಿದು ನಿಲ್ಲಿಸಿದಳು.

"ಓದೋ."

"ಈ ವಯಸ್ಸಲ್ಲಿ ಮತ್ತೆ ಒಂದನೇ ಕ್ಲಾಸಾ ಅಕ್ಕಾ?"

"ಆಗ ನೆಟ್ಟಗೆ ಕಲ್ತಿದ್ರೆ ಈಗ್ಯಾಕೆ ಬೇಕಿತ್ತು? ಓದು."

ಅವನು ತಡವರಿಸಿದ ಹಾಳೆಯನ್ನು ಅಲ್ಲೇ ಹರಿದಳು. ಸಣಕಲು ಅಕ್ಷರ ಹೋಯಿತು, ಬಳುಕುವ ಹೆಡ್ಡಿಂಗ್ ಹೋಯಿತು. ಬರಹಕ್ಕೆ ಹದಿನಾರು ಪಾಯಿಂಟ್ ಗಾತ್ರದ ಬಿಡಿಬಿಡಿ ಅಕ್ಷರ, ತಲೆಬರಹಕ್ಕೆ ಸಿಂಗಾರವಿಲ್ಲದ ದಪ್ಪಕ್ಷರ ಉಳಿದವು. ಆ ಪುಟದ ತಲೆಬರಹ: 'ಒಬ್ಬ ಬಿದ್ದರೆ ನೀನು ಇಳಿಯಬೇಡ. ಕೂಗಿ ಜನ ಕರೆ.'

ಅಷ್ಟರಲ್ಲಿ ಕೈಪಿಡಿಗೆ ಸೇರಿಸಲು ಸಂಘದ ಅಧ್ಯಕ್ಷರ ಸಂದೇಶ ಬಂತು, ನಾಲ್ಕು ಪುಟ. ಕೈಪಿಡಿ ಹದಿನಾರು ದಾಟುವಂತಿಲ್ಲ. ಸಂದೇಶಕ್ಕೆ ಕತ್ತರಿ ಹಾಕುವ ಧೈರ್ಯ, ಮುಷ್ಕರದಲ್ಲಿ ಪೊಲೀಸರ ಏಟು ತಿಂದ ನನಗೂ ಇರಲಿಲ್ಲ.

"ಹತ್ತು ಪಾಯಿಂಟಿಗೆ ಇಳಿಸಮ್ಮಾ. 'ಮುನ್ನೆಚ್ಚರಿಕೆ ಕ್ರಮಗಳು' ಅಂತ ಒಂದೇ ಹೆಡ್ಡಿಂಗ್ ಸಾಕು, ಮಿಕ್ಕಿದ್ದೆಲ್ಲ ಅದರ ಕೆಳಗೆ ಸೇರಿಸು" ಎಂದೆ.

"ಅವರಿಗೆ ಕಾಣಲ್ಲ ಅಣ್ಣಾ."

"ಸಭೆ ಕರೆದು ಓದಿ ಹೇಳ್ತೀವಿ."

"ಎಲ್ಲಿ, ತೊಟ್ಟಿ ಬಾಯಲ್ಲಾ?"

ಸಂಘಕ್ಕಿಂತ ನೀನು ದೊಡ್ಡವಳಾ ಎಂದು ರೇಗಿದೆ. ಅವಳು ದಪ್ಪ ತಲೆಬರಹ ತೆಗೆದು ಅಕ್ಷರ ಇಳಿಸಿದಳು. ಕೈಪಿಡಿ ಹಂಚಿದೆವು. ಸಭೆ ಇವತ್ತು ನಾಳೆ ಎಂದು ಮುಂದೆ ಹೋಯಿತು.

ಎರಡನೇ ತಿಂಗಳು ತೊಟ್ಟಿಯೊಳಗೆ ಒಬ್ಬ ಕುಸಿದ. ಮೇಲೆ ಇದ್ದವರು ಇಬ್ಬರೇ, ತಮ್ಮ ಮತ್ತು ಅವನ ಜೊತೆಗಾರ. ತಮ್ಮ "ಇಳೀಬೇಡ" ಎಂದು ಅಂಗಿ ಹಿಡಿದೆಳೆದ. ಅಂಗಿ ಹರಿದು ಕೈಯಲ್ಲುಳಿಯಿತು, ಜೊತೆಗಾರ ಇಳಿದೇಬಿಟ್ಟ. ಗಂಟಲು ಹರಿಯುವಂತೆ ತಮ್ಮ ಕೂಗಿದ. ಜನ ಬಂದು ಎತ್ತಿದ್ದು ಎರಡು ಹೆಣ.

ನಿಂತು ನೋಡಿದ ಹೇಡಿ ಎಂದು ಕಾರ್ಖಾನೆಯೆಲ್ಲ ಅವನಿಗೆ ಉಗಿಯಿತು. ಮೂರನೇ ದಿನ ಅಕ್ಕ, ತಮ್ಮ, ನಾನು ಜೊತೆಗಾರನ ಮನೆಗೆ ಹೋದೆವು. ಅವನ ಹೆಂಡತಿ ನೆಲದಿಂದ ಏಳಲಿಲ್ಲ.

"ನನ್ ಗಂಡ ಇಳಿದ. ನಿಂಗೇನಾಗಿತ್ತು ದಾಡಿ?"

"ಇಳೀಬಾರದು ಅತ್ತಿಗೆ. ಪುಸ್ತಕದಲ್ಲೇ ಇದೆ."

ಅವಳು ಗೂಡಿನಿಂದ ಕೈಪಿಡಿ ತೆಗೆದು ಅವನ ಮುಂದೆ ಎಸೆದಳು. "ಎಲ್ಲಿದೆ? ತೋರ್ಸು."

ಅವನು ನೀರು ಸುರಿಯುವ ಕಣ್ಣಿಗೆ ಹತ್ತಿರ ಹಿಡಿದು ಮಗುಚಿದ, ಮತ್ತೆ ಮಗುಚಿದ. ಸಿಗಲಿಲ್ಲ. ಕೊನೆಗೆ ನಾನೇ ಕಿತ್ತುಕೊಂಡು ಹುಡುಕಿದೆ. ಕನ್ನಡಕ ಹಾಕಿಯೂ ಹೊತ್ತು ಹಿಡಿಯಿತು. ಹನ್ನೊಂದನೇ ಪುಟ, ಮೂರನೇ ಪ್ಯಾರಾದ ನಡುವೆ. ಬೆರಳಿಟ್ಟು ತೋರಿಸಿದೆ.

ಅವಳು ಬಗ್ಗಿ ನೋಡಿದಳು. "ಇಷ್ಟು ಸಣ್ಣಕ್ಕೆ ಯಾರು ಬರ್ದಿದ್ದು ಇದನ್ನ?"

ಮೊಳೆಯಕ್ಕ ನನ್ನ ಕಡೆ ತಿರುಗಲೂ ಇಲ್ಲ. "ಜೋಡಿಸಿದ್ದು ನಾನೇ" ಎಂದಳು.

ನಾನು ಪುಟದಿಂದ ಬೆರಳು ತೆಗೆದು, ನಿಂತು ನೋಡಿದೆ.