ಸುಳ್ಳು ಸಾಕ್ಷಿ

ಸಿಂದಗಿಯ ನಮ್ಮ ಪುಟ್ಟ ಕ್ರೈಸ್ತ ಸಭೆಯಲ್ಲಿ ಪ್ರತಿ ರವಿವಾರ ಹಾಡು ಮುಗಿದ ಮೇಲೆ ಸಾಕ್ಷಿ ಹೇಳುವ ರೂಢಿ. ಆ ವಾರ ದೇವರು ಯಾರಿಗೆ ಏನು ಮಾಡಿದನೋ ಅವರು ಎದ್ದು ನಿಂತು ಹೇಳಬೇಕು, ಉಳಿದವರು ಸ್ತೋತ್ರ ಅನ್ನಬೇಕು. ಹೇಳಲು ಏನೂ ಇಲ್ಲದವರು ಜಮಖಾನೆಯ ಎಳೆ ಕೀಳುತ್ತ ಕೂತಿರಬೇಕು. ಎರಡು ವರ್ಷ ನಾನು ಎಳೆ ಕಿತ್ತೆ.

ನನ್ನ ಗಂಡ ತಾಳಿಕೋಟೆಗೆ ಟೆಂಪೊ ಓಡಿಸುತ್ತಿದ್ದರು. ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಮಂಗಳವಾರ, ಶುಕ್ರವಾರ ದವಾಖಾನೆಯ ಡಯಾಲಿಸಿಸ್ ಮಷೀನೇ ಅವರ ಜೀವ. ಹೆಚ್ಚು ನೀರು ಕುಡಿಯುವಂತಿಲ್ಲವೆಂದು ನಮ್ಮ ಕಡೆಯ ಬೇಸಿಗೆಯಲ್ಲೂ ಒಂದು ಸಣ್ಣ ತಂಬಿಗೆ ನೀರನ್ನು ಗುಟುಕು ಗುಟುಕಾಗಿ ದಿನವಿಡೀ ಕುಡಿಯುತ್ತಿದ್ದರು. ಸಭೆಗೆ ಬರುವುದನ್ನೂ ಬಿಟ್ಟಿದ್ದರು. ವಾರವಾರವೂ ನನ್ನ ಬೇಡಿಕೆ ಒಂದೇ, ಅವರಿಗೆ ಗುಣವಾಗಲಿ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅಂತ ಜನ ಅಂದುಕೊಂಡಾರೆಂದು ನಾಚಿಕೆ. ದೇವರ ಮೇಲೆ ಸಿಟ್ಟೂ ಇತ್ತು.

ಈ ಬೇಸಿಗೆಯ ಒಂದು ರವಿವಾರ ಒಬ್ಬನ ಸೊಂಟನೋವು ಹೋಗಿತ್ತು, ಒಬ್ಬಾಕೆಯ ಮಗಳು ಹತ್ತನೆಯ ತರಗತಿ ಪಾಸಾಗಿದ್ದಳು. ಪಾಸ್ಟರ ಕಣ್ಣು ನನ್ನ ಮೇಲೆ ಒಂದು ಗಳಿಗೆ ನಿಂತಿತು. ಯಾವ ಹುಕಿಯಲ್ಲಿ ಎದ್ದೆನೋ ಗೊತ್ತಿಲ್ಲ.

“ನಮ್ಮನಿಯವ್ರಿಗೆ ಗುಣ ಆಗೇತ್ರಿ. ಇನ್ನ ಮಷೀನ ಬ್ಯಾಡ ಅಂದಾರ ಡಾಕ್ಟ್ರು,” ಅಂದುಬಿಟ್ಟೆ.

ಇಡೀ ಸಭೆ ಚಪ್ಪಾಳೆ ತಟ್ಟಿತು. ಮುಂದೆ ಕೂತಿದ್ದ ಕುರಿ ಕಾಯುವ ಮುದುಕಿ, ನಾವೆಲ್ಲ ಆಯಿ ಅಂತ ಕರೆಯುವಾಕೆ, ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಮಧ್ಯಾಹ್ನವೆಲ್ಲ ನನಗೆ ಅದು ನಿಜವೇ ಅನ್ನಿಸಿ ಖುಷಿಯಾಗಿತ್ತು. ನೆನೆದರೆ ಈಗಲೂ ನನ್ನ ಬಗ್ಗೆ ನನಗೇ ಹೇಸಿಕೆಯಾಗುತ್ತದೆ.

ಪ್ರತಿ ಬುಧವಾರ ನಮ್ಮ ಮನೆಗೆ ಪ್ರಾರ್ಥನೆಗೆ ಬರುತ್ತಿದ್ದ ಹೆಣ್ಣುಮಕ್ಕಳು ಆ ವಾರ ಬರಲಿಲ್ಲ. ಗುಣವಾದವರ ಮನೆಯಲ್ಲಿ ಅವರಿಗೇನು ಕೆಲಸ? ಶನಿವಾರ ಅವರಲ್ಲೊಬ್ಬಾಕೆ ಗೋಧಿ ಹುಗ್ಗಿ ತಂದು ನನ್ನ ಗಂಡನ ಮುಂದಿಟ್ಟು, “ದೇವ್ರು ದೊಡ್ಡಾಂವ್ರಿ ಅಣ್ಣಾರ. ಮಷೀನ ಬಂದ್ ಆತಂತಲ್ರಿ,” ಅಂದಳು. ಅವರು ನನ್ನ ಮುಖ ನೋಡಿದರು. ಆಕೆ ಹೋದ ಮೇಲೆ ಹುಗ್ಗಿಯನ್ನು ದೂರ ಸರಿಸಿದರು.

“ನಾ ಹಿಂಗ ಇರೂದು ನಿನಗ ನಾಚಿಗಿ ಆಗೇತೇನು?” ಅಂದರು. “ಆತು. ಗುಣ ಆದಾಂವಗ ಮಷೀನ ಯಾಕ? ಮಂಗಳವಾರ ನಾ ಬರಂಗಿಲ್ಲ.”

ಮಷೀನು ಬಿಟ್ಟರೆ ಜೀವ ಬಹಳ ದಿನ ನಿಲ್ಲುವುದಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಮರುದಿನ ಸಭೆಯಲ್ಲಿ ಸಾಕ್ಷಿಯ ಹೊತ್ತಿಗೆ ಎಲ್ಲರಿಗಿಂತ ಮೊದಲು ಎದ್ದೆ.

“ಹ್ವಾದ ರವಿವಾರ ನಾ ಸುಳ್ಳ ಹೇಳೀನ್ರಿ. ಅವ್ರಿಗೆ ಗುಣ ಆಗಿಲ್ಲ. ಈಗ ಮಷೀನೂ ಒಲ್ಲೆ ಅಂತಾರ. ನನ್ನಿಂದನ ಹಿಂಗಾತು.”

ಆಯಿ ಮೊಣಕಾಲಿಗೆ ಕೈಯೂರಿ ಎದ್ದಳು.

“ನನಗ ಅವತ್ತ ಗೊತ್ತಾಗಿತ್ತಬೇ. ಗಂಡಗ ಗುಣ ಆದಾಕಿ ಮಾರಿ ಹಂಗ ಇರಂಗಿಲ್ಲ. ಅದಕ್ಕ ನಾ ಅತ್ತದ್ದು. ಪ್ರಾರ್ಥನಿ ಏನ್ ಬಿಟ್ಟಿಲ್ಲ ನಾ.”

ಹಿಂದಿನಿಂದ ಸೊಂಟನೋವಿನವನು ಮೆಲ್ಲಗೆ, “ನಂದೂ ಪೂರಾ ಹೋಗಿಲ್ರಿ,” ಅಂದ. ಒಂದಿಬ್ಬರು ನಕ್ಕರು. ನಾನು ಕೂತಲ್ಲೇ ಬಿಕ್ಕಿ ಬಿಕ್ಕಿ ಅತ್ತೆ. ಎರಡು ವರ್ಷದಲ್ಲಿ ಮೊದಲ ಸಲ ಯೇಸುವಿನ ಮುಂದೆ ಮುಚ್ಚುಮರೆಯಿಲ್ಲದೆ ಕೂತಿದ್ದೇನೆ ಅನ್ನಿಸಿತು.

ಮಂಗಳವಾರ ಬೆಳಿಗ್ಗೆ ಆಯಿ ಕುರಿಗಳನ್ನು ಸೊಸೆಗೆ ಒಪ್ಪಿಸಿ ನಮ್ಮ ಮನೆಗೆ ಬಂದಳು. ನನ್ನ ಗಂಡ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಮುದುಕಿ ಬುದ್ಧಿಮಾತು ಹೇಳಲಿಲ್ಲ.

“ಏಳ ಮಗಾ, ನಾನೂ ಬರ್ತೇನಿ. ಅಲ್ಲಿ ಕುಂದ್ರಾಕ ಜಾಗಾ ಐತಿಲ್ಲೊ?”

“ನಾಕ ತಾಸು ಕುಂತು ಏನ್ ಮಾಡ್ತಿ ಆಯಿ?”

“ನೀ ಏನ್ ಮಾಡ್ತಿ, ಅದನ್ನ.”

ನನ್ನ ಗಂಡ ಎದ್ದು ಅಂಗಿ ಹಾಕಿಕೊಂಡರು.

ದವಾಖಾನೆಯಲ್ಲಿ ಸೂಜಿ ಚುಚ್ಚಿ, ಕೊಳವೆಯಲ್ಲಿ ರಕ್ತ ಹರಿಯತೊಡಗಿದ ಮೇಲೆ ಆಯಿ ಅವರ ಇನ್ನೊಂದು ಕೈ ಹಿಡಿದಳು. “ದೇವ್ರಿಗೆ ಏನ್ ಕೇಳ್ಲಿ, ನೀನ ಹೇಳ.”

ಎಷ್ಟೋ ತಿಂಗಳಿಂದ ದೇವರ ಹೆಸರೆತ್ತದ ಮನುಷ್ಯ ಕಣ್ಣು ಮುಚ್ಚಿಕೊಂಡರು.

“ಶುಕ್ರವಾರದ ಮಟಾ ಜೀವಾ ಕೇಳ ಆಯಿ. ಮುಂದಿಂದು ಶುಕ್ರವಾರ ಇಬ್ರೂ ಕೂಡಿ ಕೇಳೂಣು.”

ಆಯಿ ಅಷ್ಟನ್ನೇ ಕೇಳಿದಳು. ಆಮೆನ್ ಅಂದದ್ದು ನನ್ನ ಗಂಡ.